ಮುಚ್ಚಳ

ಹಳೇ ಟವೆಲಿನಲ್ಲಿ ಸುತ್ತಿ, ಚೀಲದಲ್ಲಿ ಕೂರಿಸಿ
ಬೋಳುತಲೆಯ ಚಹಾಹೂಜಿಯನ್ನು
ಅತ್ತಿಗೆ ಇಕುಯೊ ಹೊರಟಳು ತೆಂಜಿನ್‌ಬಾಶಿಯ ಬೀದಿಗೆ.
ಹೊರುವ ಕೆಲಸ ನನ್ನದು, ಮಾತಿನದು ಅವಳದು.

ಮುಚ್ಚಳ ಒಡೆದು ಹನ್ನೊಂದು ದಿನ.
ಒಡೆದದ್ದು ಯಾರೆಂದು ಕೇಳಬೇಡಿ.
ಬೆಕ್ಕು ಅಂತ ಮನೆಯಲ್ಲಿ ತೀರ್ಮಾನವಾಗಿದೆ.
ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಈ ಬೀದಿಗೆ ಆಕಾಶವಿಲ್ಲ, ಸೂರು ಉಂಟು.
ಒಸಾಕಾದ ಮಳೆ ಇಲ್ಲಿ ಕೇಳಿಸುತ್ತದೆ, ತಾಗುವುದಿಲ್ಲ.
ಪಚಿಂಕೊ ಅಂಗಡಿಯ ಗಾಜುಬಾಗಿಲು ಸರಿದಾಗೆಲ್ಲ
ಸಾವಿರಾರು ಉಕ್ಕಿನ ಗೋಲಿಗಳ ಭೋರ್ಗರೆತ,
ಮುಚ್ಚಿಕೊಂಡರೆ ಮತ್ತೆ ಮೀನಿನವನ ಕೂಗು,
ಬೆನ್ನ ಹಿಂದೆಯೇ ಸೈಕಲ್ಲಿನ ಗಂಟೆ.

‘ಹೇಗಿದೆ ಲಾಭ?’ ಅಂದಳು ಉಪ್ಪಿನಕಾಯಿಯವನಿಗೆ.
‘ಏನೋ, ಅಷ್ಟಿಷ್ಟು.’
ಅವನ ಅಪ್ಪನೂ ಅಷ್ಟಿಷ್ಟೇ ಅನ್ನುತ್ತಿದ್ದನಂತೆ.
ಅಷ್ಟಿಷ್ಟರಲ್ಲೇ ಎದ್ದಿದೆ ಅಂಗಡಿಯ ಮೇಲೆ ಮೂರು ಮಹಡಿ.

ಮೊದಲ ಪಿಂಗಾಣಿ ಅಂಗಡಿಯ ಹುಡುಗಿ
ಸೊಂಟ ಬಾಗಿಸಿ ಕ್ಷಮೆ ಕೇಳಿದಳು,
ಮುಚ್ಚಳವೊಂದನ್ನೇ ಮಾರುವ ಪದ್ಧತಿಯಿಲ್ಲ.
ಎರಡನೆಯವನು ಹೊಸ ಹೂಜಿಯನ್ನೇ ತೆಗೆದಿಟ್ಟ, ಎಂಟು ಸಾವಿರ ಯೆನ್.
‘ಹಲ್ಲು ಬಿದ್ದರೆ ತಲೆ ಬದಲಿಸುತ್ತೀಯೇನಪ್ಪ?’
ಅಂದು ಅತ್ತಿಗೆ ಹೊರಬಂದಳು.
ನಾನು ಅವನಿಗೆ ಎರಡು ಸಲ ಬಾಗಿದೆ, ಅವಳ ಪಾಲಿನದೂ ಸೇರಿ.

ಕೋಪಕ್ಕೆ ಹಸಿವು ಜಾಸ್ತಿ.
ಮಾಂಸದಂಗಡಿಯ ಸಾಲಿನಲ್ಲಿ ನಿಂತು
ಎಣ್ಣೆ ಇಳಿಯುವ ಮೊದಲೇ ಕೊರೊಕ್ಕೆ ಕಚ್ಚಿದೆವು,
ಆಲೂಗಡ್ಡೆ ನಾಲಿಗೆಯ ಮೇಲೆ ಕೂತು ಏಳಲಿಲ್ಲ.
ಮಾತಿಲ್ಲದ ಅತ್ತಿಗೆಯನ್ನು ಕಂಡದ್ದು ಅದೊಂದೇ ನಿಮಿಷ.

ನಾಲ್ಕನೆಯ ಕೇರಿಯಲ್ಲಿ ಗುಳಿಹಂಚಿನ ಮುಂದೆ
ಕಿವಿಯಲ್ಲೊಂದು ಸಿಗರೇಟು ಸಿಕ್ಕಿಸಿಕೊಂಡವನು
ಎರಡು ಕಡ್ಡಿಗಳಲ್ಲಿ ತಾಕೊಯಾಕಿ ತಿರುವುತ್ತಿದ್ದ,
ಒಂದೂ ಮುರಿಯದಂತೆ, ಒಂದನ್ನೂ ನೋಡದೆ.
ಮೇಲೆ ಉದುರಿಸಿದ ಒಣಮೀನಿನ ಸಿಪ್ಪೆ
ಬಿಸಿಗೆ ಎದ್ದು ಮೈ ಮುರಿಯಿತು.
‘ಸತ್ತ ಮೇಲೂ ಇದಕ್ಕೆಷ್ಟು ಉಮೇದು ನೋಡು,
ನಿನ್ನಣ್ಣ ಭಾನುವಾರ ಹತ್ತಾದರೂ ಏಳುವುದಿಲ್ಲ.’

ಚೀಲ ತುಂಬುತ್ತಲೇ ಇತ್ತು.
ಸಾವಿರಕ್ಕೆ ಮೂರು ಜೊತೆ ಕಾಲುಚೀಲ,
ತವಡಿನಲ್ಲಿ ಮಾಗಿದ ಬದನೆ,
ಯಾಕೆಂದು ಯಾರಿಗೂ ಗೊತ್ತಿಲ್ಲದ ಒಂದು ಶೂ ಹಾರ್ನು,
ಚಿರತೆಯ ಮೋರೆ ಅಚ್ಚಾದ ಅಂಗಿ,
ಸೊಸೆಯಾಗಿ ಬಂದ ವರ್ಷ ಅವಳು ಇದನ್ನು ಕಂಡು ಹೆದರಿದ್ದಳಂತೆ.
ಮುಚ್ಚಳವೊಂದು ಇಲ್ಲ.

ಐದನೆಯ ಕೇರಿಯ ಪಕ್ಕದ ಸಂದಿಯಲ್ಲಿ
ಬಲ್ಬೂ ಉರಿಸದೆ ಕೂತಿದ್ದ ಕುರಾಮೊಟೊ ಮುದುಕ
ಕೇಳಿದ್ದೇ ತಡ, ಮೊಣಕಾಲೂರಿ ಕಪಾಟಿನಡಿಯಿಂದ
ಕಿತ್ತಳೆಯ ರಟ್ಟಿನ ಪೆಟ್ಟಿಗೆ ಎಳೆದ.
ಒಳಗೆ ಬರೀ ಮುಚ್ಚಳಗಳು. ನೀಲಿ, ಬೂದಿ, ಬಿರುಕು ಬಿಟ್ಟವು,
ಗುಬುಟು ಮುರಿದವು, ಆಮೆ ಕೂತವು.
‘ಹೂಜಿಗಳು ಒಡೆದವು, ಇವು ಉಳಿದವು.
ಎಸೆಯೋಕೆ ಕೈ ಬರಲಿಲ್ಲ.’

ಟವೆಲು ಬಿಚ್ಚಿ ಹೂಜಿಯನ್ನು ನೆಲಕ್ಕಿಟ್ಟು
ಒಂದೊಂದಾಗಿ ಕೂರಿಸಿ ನೋಡಿದೆವು ಮೂವರೂ.
ಕೆಲವು ಒಳಗೇ ಬಿದ್ದವು, ಕೆಲವು ಟೋಪಿಯಂತೆ ನಿಂತವು.
ನಲವತ್ತರ ಮೇಲೆ ಎಣಿಕೆ ತಪ್ಪಿತು.
ಕೊನೆಗೆ ಹಣ್ಣಾದ ಕಾಕಿಯ ಬಣ್ಣದ್ದೊಂದು,
ಹಸಿರು ಹೂಜಿಗೆ ಏನೇನೂ ಹೊಂದದ್ದು,
ಕೂತಿತು. ಅಲ್ಲಾಡಿಸಿದರೆ ಕಟಕಟ.

‘ಇನ್ನೂರು’ ಅಂದ ಮುದುಕ.
‘ಕಟಕಟ ಅನ್ನುತ್ತೆ.’
‘ಮೂವತ್ತು ವರ್ಷ ಪೆಟ್ಟಿಗೆಯಲ್ಲಿ ಕಾದಿದೆ.’
‘ಹಾಗಾದರೆ ಹಳೇ ಮಾಲು. ನೂರು.’
ಮುದುಕನ ಮುಖ ಬೆಳಗಿತು. ಬೆಳಗಿನಿಂದ
ಯಾರೂ ಅವನೊಡನೆ ಹೀಗೆ ಜಗಳವಾಡಿರಲಿಲ್ಲವೇನೋ.
ನೂರಿಪ್ಪತ್ತಕ್ಕೆ ತೀರಿತು,
ಜೊತೆಗೆ ದೋಣಿತಟ್ಟೆಯಲ್ಲಿ ಉಳಿದಿದ್ದ ಎರಡು ತಾಕೊಯಾಕಿ,
ಅವನ ಪಾಲಿಗೆ.

ರೈಲಿನುದ್ದಕ್ಕೂ ಚೀಲದೊಳಗೆ ಕಟಕಟ.
ಎದುರಿನ ಮಗು ನನ್ನ ಹೊಟ್ಟೆಯನ್ನೇ ನೋಡುತ್ತಿತ್ತು.

ರಾತ್ರಿ ಚಹಾ ಬಗ್ಗಿಸುವಾಗ
ಅತ್ತಿಗೆ ಹೆಬ್ಬೆರಳಿನಿಂದ ಮುಚ್ಚಳವನ್ನೊತ್ತಿ ಹಿಡಿದು,
ನನ್ನತ್ತ ತಿರುಗದೆ ಹೇಳಿದಳು:
‘ಬೆಕ್ಕಿಗೆ ತೋರಿಸಿಕೊಡು,
ಹಿಡಿಯುವುದು ಹೀಗೆ.’