ಬರಿದೇ ಒಂದು ತೂತು

ನಿನ್ನ ಯಂತ್ರಗಳನ್ನು ಕೊಳ್ಳುವುದು ನನ್ನ ಅತ್ತೆಯ ಹೆಸರಿನಲ್ಲಿ.
ಅವಳಿಗೆ ಎಪ್ಪತ್ತೆರಡು; ಶಿನ್‌ಚುವಿನ ಗಾಳಿಗೆ
ಅಕ್ಕಿ ಶಾವಿಗೆ ಒಣಹಾಕುವವಳು.
ರಸೀತಿಗಳ ಪ್ರಕಾರ ಅವಳ ಬಳಿ
ಈಗ ಆರು ಕಂಪ್ಯೂಟರುಗಳಿವೆ.

ಶಟರ್ ಎಳೆದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ
ಬಿಚ್ಚುತ್ತೇನೆ. ಮೊದಲು ತೂಕ. ಆಮೇಲೆ ತಿರುಪುಗಳ ಎಣಿಕೆ.
ಒಂದು ವರ್ಷ ಹದಿನಾಲ್ಕಿದ್ದವು ಮರುವರ್ಷ ಒಂಬತ್ತು.
ಐದು ತಿರುಪು ಉಳಿಸಿದವನು ಸುಮ್ಮನೆ ಉಳಿಸಿದನೆ?
ಒಂದೊಂದಕ್ಕೆ ಏಳು ಸೆಕೆಂಡು, ಯಾವಳೋ ಹುಡುಗಿಯ ಮಣಿಕಟ್ಟು,
ದಿನಕ್ಕೆ ಆರು ನೂರು ಪೆಟ್ಟಿಗೆ, ಹತ್ತಿರಹತ್ತಿರ ಆರು ತಾಸು.
ಬರೆದು ನಮ್ಮ ನಿರ್ದೇಶಕ ಪೆಂಗ್‌ಗೆ ಕೊಡುತ್ತೇನೆ.
ಅವನು ಹಲ್ಲು ಕಡಿಯುತ್ತಾನೆ, ನಾನು
ಒಳಗೊಳಗೇ ಭೇಷ್ ಅನ್ನುತ್ತೇನೆ.

ನಿನ್ನ ಮುಖ ಕಂಡಿಲ್ಲ. ಕ್ಯು ಎಂಬ ಹೆಸರು ಮಾತ್ರ,
ಅದೂ ಎರಡೂ ಕಡೆ ಬಿಡಿಭಾಗ ಮಾರುವ ಫಾನ್ ಬಾಯಿಬಿಟ್ಟದ್ದು.
ಆದರೆ ನಿನ್ನ ಕೈ ಗೊತ್ತು:
ತಾಮ್ರದ ಗೆರೆ ಮೂಲೆಗೆ ಬಂದಾಗ ಥಟ್ಟನೆ ಮುರಿಯುವುದಿಲ್ಲ ನೀನು,
ಹೊಳೆ ಬಂಡೆಯನ್ನು ಬಳಸುವ ಹಾಗೆ ಬಳಸುತ್ತೀ.
ಅವಸರದ ವಾರಗಳಲ್ಲಿ ಹಸಿರು ತಂತಿಯ ತೇಪೆ.
ಒಮ್ಮೆ ಬೆಸುಗೆಯಲ್ಲಿ ಸಿಕ್ಕಿಕೊಂಡ ಒಂದು ನರೆಗೂದಲು.
ನಿನ್ನದೋ, ಸಾಲಿನಲ್ಲಿ ಕೂತ ಯಾವ ಹೆಂಗಸಿನದೋ,
ವರದಿಯಲ್ಲಿ ಅದನ್ನು ಬರೆಯಲಿಲ್ಲ.

ಐದನೆಯದನ್ನು ಬಿಚ್ಚಿದ ರಾತ್ರಿ
ಗಡಿಯಾರದ ಹರಳಿನ ಪಕ್ಕ ಕೂತಿತ್ತು, ನನ್ನ ಭಯ.
ಹೌದು, ನನ್ನದೇ. ಬೇಡವಾದ ಒಂದು ಕೆಪಾಸಿಟರ್.
ಎರಡು ವರ್ಷದ ಹಿಂದೆ, ಜ್ವರದಲ್ಲಿ, ಯಾತಕ್ಕೂ ಇರಲಿ ಎಂದು
ನಮ್ಮ ಹಲಗೆಗೆ ಸೇರಿಸಿದ್ದು.
ಉಪಕಾರವಿಲ್ಲ, ಅಪಕಾರವಿಲ್ಲ,
ಮದುವೆಮನೆಯಲ್ಲಿ ಶಾಸ್ತ್ರಕ್ಕೆ ಕೂತ ಮುದುಕನ ಹಾಗೆ.
ಅದನ್ನೂ ಬಿಡದೆ ಇಳಿಸಿಕೊಂಡಿದ್ದೆ ನೀನು,
ಬೆಲೆ ಸಮೇತ, ಭಯ ಸಮೇತ.
ಅಂದರೆ ಎಲ್ಲೋ ಮುಚ್ಚಿದ ಶಟರಿನ ಹಿಂದೆ
ನೀನೂ ಬಿಳಿ ಬಟ್ಟೆ ಹಾಸುತ್ತೀ.
ನಿನಗೂ ಒಬ್ಬಳು ಅತ್ತೆ ಇರಬೇಕು.

ಪೆಂಗ್ ಕುಣಿದ. "ಕಲ್ಲುಸಕ್ಕರೆ ಅಂತ ಕಳ್ಳನಿಗೆ ಕಲ್ಲು ಕೊಡೋಣ.
ಏನಾದರೂ ಸುಳ್ಳು ಇಡು. ನಕಲು ಮಾಡಿ ಕೆಡಲಿ."
ಮೂರು ದಿನ ಯೋಚಿಸಿದೆ. ಕೆಡಿಸುವ ಸುಳ್ಳು
ಮೊದಲು ನಮ್ಮ ಯಂತ್ರವನ್ನೇ ಕೆಡಿಸುತ್ತದೆ.
ಕೊನೆಗೆ ಹಲಗೆಯ ನಟ್ಟನಡುವೆ
ಬರಿದೇ ಒಂದು ತೂತು ಕೊರೆಸಿದೆ.
ಕಿರುಬೆರಳು ತೂರುವಷ್ಟು. ಅಂಚಿಗೆ ತಾಮ್ರದ ಬಳೆ,
ಪಕ್ಕದಲ್ಲಿ ಗಂಭೀರವಾಗಿ ಅಚ್ಚಾದ ಗುರುತು: ಜೆ-೧೭.
ಎಲ್ಲ ಗೆರೆಗಳೂ ಅದಕ್ಕೆ ಪ್ರದಕ್ಷಿಣೆ ಬಂದವು.
ಅರ್ಥ? ಇಲ್ಲ. ಅರ್ಥ ಹುಡುಕುತ್ತ
ನೀನು ನಿದ್ದೆಗೆಡಲಿ ಎಂಬುದಷ್ಟೇ.

ವರ್ಷ ಕಳೆಯಿತು. ಅಂಗಡಿಯಲ್ಲಿ ನಿಮ್ಮದು ನಮ್ಮದಕ್ಕಿಂತ
ಸಾವಿರದಿನ್ನೂರು ಅಗ್ಗ. ಪೆಂಗ್ ಊಟ ಬಿಟ್ಟ.
ಅತ್ತೆಯ ಆರನೆಯ ಕಂಪ್ಯೂಟರನ್ನು ಬಿಚ್ಚಿದೆ.
ತೂತು ಇತ್ತು. ಅದೇ ನಡುವೆ, ಅದೇ ಅಳತೆ.
ನಗಲು ಬಾಯಿ ತೆರೆದವಳು ತೆರೆದೇ ಕೂತೆ.
ತೂತಿನೊಳಗಿಂದ ತಂತಿಗಳ ಜಡೆಯೊಂದು
ಕೆಳಗಿನ ಹಲಗೆಗೆ ನೆಟ್ಟಗೆ ಇಳಿದಿತ್ತು.
ನಾವು ಪೆಟ್ಟಿಗೆಯ ಅಂಚೆಲ್ಲ ಸುತ್ತಿಸಿ ಒಯ್ಯುತ್ತಿದ್ದ
ಮೊಳದುದ್ದದ ಕೇಬಲ್ಲು, ಅದರ ಎರಡು ಕೊಂಡಿ, ನಾಲ್ಕು ಹಿಡಿಕೆ,
ಯಾವುದೂ ಇರಲಿಲ್ಲ. ಬೇಕಾಗಿರಲಿಲ್ಲ.
ಗಾಳಿಗೆ ಅಡ್ಡವಿಲ್ಲವಾಗಿ ಫ್ಯಾನು ಕೂಡ ಚಿಕ್ಕದು.

ನಾನು ಸುಳ್ಳು ಇಟ್ಟೆ. ನೀನು
ಅದನ್ನು ಪ್ರಶ್ನೆ ಎಂದು ಓದಿದೆ.

ಈಗ ನಡುರಾತ್ರಿ ದಾಟಿದೆ. ವರದಿ ಬರೆಯಬೇಕು.
ಅವರು ನಮ್ಮದನ್ನು ಕದ್ದಿದ್ದಾರೆ ಎಂದರೆ ನಿಜ.
ನಾವು ಅವರದನ್ನು ಕದಿಯಲೇಬೇಕು ಎಂದರೂ ನಿಜ.
ಎರಡನ್ನೂ ಬರೆದು ಸಹಿ ಹಾಕಿದೆ.
ಮುಂದಿನ ಹಲಗೆಯ ಎಡಮೂಲೆಯಲ್ಲಿ, ಪೆಂಗ್‌ಗೆ ಹೇಳದೆ,
ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.
ಯಾತಕ್ಕೆಂದು ಈ ಸಲ ನನಗೂ ಗೊತ್ತಿಲ್ಲ.

ಬೆಳಿಗ್ಗೆ ಶಾವಿಗೆಯ ತಟ್ಟಿ ಹೊರುತ್ತ ಅತ್ತೆ ಕೇಳುತ್ತಾಳೆ,
"ಹೇಗಿದೆಯೇ ನನ್ನ ಹೊಸದು?"
ಈ ಗಾಳಿಯಲ್ಲಿ ಮಾತು ನಿಲ್ಲುವುದಿಲ್ಲ, ಕೂಗಿಯೇ ಹೇಳಬೇಕು:
ಚೆನ್ನಾಗಿದೆ ಅತ್ತೆ. ಚೆನ್ನಾಗಿದೆ.