ಅಳತಿ ಪುಸ್ತಕ

ಟೀವಿಗೆ ತುಂಬಿದ ರೊಕ್ಕ ಮುಗದದ್ದು ಗುರುವಾರ,
ಸೊಸೀನ ಕಾರಿನ್ಯಾಗ ಎತ್ತಿ ಹಾಕ್ಕೊಂಡು ಹೋಗೂ ಹೊತ್ತಿಗೆ.
ಬಾಗಲಾ ಬಡದ ಸಪ್ಪಳ ಆತು, ಚಿತ್ರ ಹೋತು.
ನೀಲಿ ಪರದೆ ಮ್ಯಾಲ ಒಂದು ನಂಬರು:
ಇದಕ್ಕ ಫೋನ್ ಮಾಡ್ರಿ.

ಮಾಡ್ಲಿಲ್ಲ.
ಸಿಟ್ಟಿಗಲ್ಲ, ಶಾಣ್ಯಾತನಕ್ಕೂ ಅಲ್ಲ,
ಮೂರು ಜಂಪರಿನ ಕೂಲಿ ಬರೂದು ಬಾಕಿ ಇತ್ತು.
ಸೋಮವಾರ ತುಂಬಿದರಾತು ಅಂದೆ.
ಸೋಮವಾರ ಬಂತು, ಹೋತು.

ವಾಸ್ಕೋದ ಮಂಗೋರ ಗುಡ್ಡದ ಈ ಖೋಲ್ಯಾಗ
ಹನ್ನೊಂದು ವರ್ಷ, ಸಂಜಿ ಏಳಕ್ಕ ಮಷಿನ್ ಬಂದ್.
ಗಾಲಿ ಗರಗರ ಅಂದ್ರ ಅತ್ತಿ ಬೈಗಳ ಕೇಳತಿದ್ದಿಲ್ಲ,
ಟೀವಿ ಒಳಗಿನ ಅತ್ತೀದು.
ನನ್ನ ಸ್ವಂತ ಅತ್ತಿ ಬೈದದ್ದು ಒಂದೂ ನೆನಪಿಲ್ಲ.
ಬಂದರದಾಗ ಕಲ್ಲಿದ್ದಲಿ ಇಳಿಸಿ
ಗಂಡ ಕರ್ರಗ ಬಂದು ನಿಂತರ
ಗಾಜಿನ ಮುಂದ ನಿಂದರಬ್ಯಾಡ, ಸರದು ನಿಲ್ಲು ಅಂತಿದ್ದೆ.
ಸರೀತಿದ್ದ.
ಹನ್ನೊಂದು ವರ್ಷ ಸರಕೋತನ ಇದ್ದ.

ಮೊದಲ ವಾರ
ಏಳು ಬಡದ ಕೂಡಲೆ ಕೈ ತಾನ ರಿಮೋಟಿಗೆ ಹೋಗೂದು,
ಕತ್ತರಿ ಹಿಡಕೊಂಡು ವಾಪಸ್ ಬರೂದು.
ಗ್ವಾಡಿ ಆಚೆ ಪಿಯೆದಾದ್ ಬಾಯಿ
ತೇರ್ಸ್ ಮುಗಿಸಿ ತನ್ನ ಟೀವಿ ಹಚ್ಚಿದ್ಲು.
ಶುರುವಿನ ಸಂಗೀತದ ತಾಳಕ್ಕ ನನ್ನ ಕಾಲು ತುಳದು ತುಳದು
ಒಂದು ತೋಳಿನ ಹೊಲಿಗಿ ಪೂರಾ ಸೊಟ್ಟ.
ಬಿಚ್ಚಿದೆ.

ಬಿಚ್ಚೂವಾಗ, ಆ ದಾರದ ಚಿಟಚಿಟದಾಗ,
ಗಿರಿಜಾ ಬಂದು ನಿಂತ್ಲು.
ಈಗಿನಾಕಿ ಅಲ್ಲ, ಹನ್ನೆರಡರಾಕಿ,
ಜಾಹೀರಾತಿನ ನಡುವ,
ಲಂಗ ಹಿಂದ ಮುದ್ದಿ ಮಾಡಿ ಹಿಡಕೊಂಡು:
ಅವ್ವಾ, ನನಗ ಏನೋ ಆಗೈತಿ.
ತಡೀ, ಶುರುವಾತು, ಅಂದಿದ್ದೆ.
ಆಕಿಗೂ ಶುರುವಾಗಿತ್ತು.

ಅರಿವಿ ಹರದು ಕೊಟ್ಟಾಕಿ ಪಿಯೆದಾದ್ ಬಾಯಿ,
ನೀರು ಕಾಸಿ ಕೊಟ್ಟಾಕಿ ಪಿಯೆದಾದ್ ಬಾಯಿ.
ನಾ ಆ ರಾತ್ರಿ ಯಾರದೋ ಮದುವ್ಯಾಗ
ಮಗಳನ್ನ ಕಳಸೂದು ನೋಡಿ ಅತ್ತಿದ್ದೆ.
ಯಾರ ಮಗಳು? ಹೆಸರು ಹತ್ತವಲ್ದು.

ಮಡಗಾಂವಕ್ಕ ಫೋನ್ ಹಚ್ಚಿದೆ.
ಏನಂತ ಕೇಳಲಿ? ಊಟ ಆತೇನು ಅಂದೆ.
ಆತು. ಏಳೂವರಿಗೆ ಫೋನಾ?
ಅವ್ವಾ, ನಿನ್ನ ಟೀವಿ ಕೆಟ್ಟೈತೇನು? ಅಂದ್ಲು.
ಹೂಂ ಅಂದೆ.

ಟ್ರಂಕಿನ ತಳದಾಗ ಗುಳೇದಗುಡ್ಡದ ಖಣ,
ತವರಿನಿಂದ ಬಂದದ್ದು,
ಮಡಚಿದಲ್ಲಿ ಬಣ್ಣ ಹೋಗಿ ಗೆರಿ ಬಿದ್ದಿತ್ತು.
ಅಳತಿ ಪುಸ್ತಕ ತಗದೆ.
ಸೋಮ್ಲಿಬಾಯಿ, ಎದಿ ಮೂವತ್ತೆಂಟು, ಕೊಳ್ಳು ಇಳಿಸಬಾರದು.
ನೇವಿ ಕ್ವಾರ್ಟರ್ಸಿನ ಮೇಡಂ, ಹಿಂದ ಗುಂಡಿ.
ಹುಸೇನಬಿ, ಹಡಿಯೂಕಿಂತ ಮೊದಲಿಂದು, ಹಡದ ಮ್ಯಾಲಿಂದು.
ನನ್ನ ಹೆಸರಿಲ್ಲ.
ಹಳೇ ಜಂಪರ ಇಟ್ಟು ಹೊಸಾದು ಕತ್ತರಿಸಿದಾಕಿ ನಾ,
ಬಗಲಾಗ ಬಿಗಿ ಆದ್ರ ಹೊಲಿಗಿ ಬಿಟಗೊಂಡು.

ಟೇಪು ಒಯ್ದು ಬಾಜೂ ಬಾಗಲಾ ಬಡದೆ.
ಹಿಡೀರಿ, ಅಂದೆ.
ಪಿಯೆದಾದ್ ಬಾಯಿ ಚಾಳೀಸು ಏರಿಸಿಕೊಂಡ್ಲು,
ಟೀವಿ ದನಿ ಸಣ್ಣ ಮಾಡಿದ್ಲು, ಬಂದ್ ಮಾಡ್ಲಿಲ್ಲ.
ಎದಿ ನಲವತ್ತೊಂದು.
ಎಡಗಡೆ ಭುಜ ಬಲಕ್ಕಿಂತ ಅರ್ಧಾ ಇಂಚು ಕೆಳಗ.
ಇದು ಯಾವಾಗಿಂದ? ಅಂದ್ಲು.
ನನಗೇನು ಗೊತ್ತು.

ಬರಕೊಂಡೆ.
ಹೆಸರಿನ ಜಾಗಾದಾಗ 'ಮನೀದು' ಅಂತ ಬರದು
ಕಾಟು ಹೊಡದು
ನೀಲವ್ವ ಅಂತ ಬರದೆ.

ಹೊಸ್ತಲಾ ದಾಟೂವಾಗ ತಡೀಲಾಗಲಿಲ್ಲ:
ಆ ಸೊಸಿ ಸಿಕ್ಕಳೇನು?
ಸಿಕ್ಕಳು. ಈಗ ಅತ್ತೀನ ಒಯ್ದಾರ.

ರಾತ್ರಿ ಗಂಡ ಬಂದ.
ಸತ್ತ ಗಾಜಿನ ಮುಂದ ಒಂದು ಗಳಿಗಿ ನಿಂತು
ತಾನ ಸರದ.
ಸರೀಬ್ಯಾಡ, ಅಂದೆ. ಅಲ್ಲೇ ನಿಲ್ಲು,
ಈ ಖಣದ ಆ ತುದಿ ಹಿಡಿ, ಕತ್ತರಿ ಹಾಕಬೇಕು.
ತನ್ನ ಎರಡೂ ಕೈ ತಿರುವಿ ನೋಡಿಕೊಂಡ.
ತಡೀ, ಅಂದ,
ತೊಳಕೊಂಡು ಬರ್ತೀನಿ.