ಮೈನಸ್ ಒಂಬತ್ತು

ನಸುಕಿಗೇ ಆನೆ ಬಂದು ಹೋಗಿತ್ತು.
ಪೆನಾಲ್ಟಿ ಬಾಕ್ಸಿನೊಳಗೆ ಲದ್ದಿ, ಇನ್ನೂ ಆವಿಯಾಡುತ್ತಿತ್ತು.
ಹೆಜ್ಜೆ ಎಣಿಸಿದೆ: ಹದಿಮೂರು.
ಹಾರೆ ತಂದು ಮಣ್ಣು ತುಂಬಿ, ಮೆಟ್ಟಿ ಮೆಟ್ಟಿ ಸಮ ಮಾಡಿ
ಮೇಲೆ ಸುಣ್ಣ ಎಳೆದೆ.
ಸಿದ್ದಾಪುರದಲ್ಲಿ ಈ ಕೆಲಸಕ್ಕೆ ನಾನೊಬ್ಬನೇ,
ದಾರ ಹಿಡಿಯದೆ ನೇರ ಎಳೆಯುವವನು ಅಂತ ಹೆಸರು.

ಹೂಮಳೆ ಬಿದ್ದು ಒಂಬತ್ತನೇ ದಿನ.
ಸುತ್ತ ತೋಟವೆಲ್ಲ ಬೆಳ್ಳಗೆ ಬಿರಿದು
ನನ್ನ ಸುಣ್ಣಕ್ಕೆ ಮರ್ಯಾದೆಯೇ ಇರಲಿಲ್ಲ.

ಈ ನಾಡಿನಲ್ಲಿ ಹಾಕಿ ಇದೆ. ಮನೆತನದ ಹೆಸರು ಬೆನ್ನಿಗೆ ಹೊತ್ತು
ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಓಡುತ್ತಾರೆ, ಚೆಂದ.
ನಮ್ಮ ಬೆನ್ನಿಗೆ ಬರೀ ನಂಬರು.
ಮನೆತನ ಇಲ್ಲದವರಿಗೆ ಲೈನ್‌ಮನೆ,
ಲೈನ್‌ಮನೆಯವರಿಗೆ ಮಾರ್ನಿಂಗ್ ಸ್ಟಾರ್,
ಮಾರ್ನಿಂಗ್ ಸ್ಟಾರಿಗೆ ಇಪ್ಪತ್ತೆರಡು ವರ್ಷದಿಂದ ಎ ಡಿವಿಷನ್.
ಇದ್ದದ್ದು ಇಷ್ಟೇ.

ಬಿ ಡಿವಿಷನ್ ಅಂದರೆ ಅವಮಾನ ಅಂತೀರಿ.
ಅವಮಾನ ಉಂಡು ಅಭ್ಯಾಸವಿದೆ.
ಬಿ ಡಿವಿಷನ್ ಅಂದರೆ ಬುಧವಾರ.
ಬುಧವಾರ ಯಾವ ಎಸ್ಟೇಟ್ ರೈಟರು ಹಾಜರಿ ಕೊಡುತ್ತಾನೆ?
ಗೋಲಿ ಶಂಸೀರ್ ಮೀನಿನ ಗಾಡಿ ಬಿಟ್ಟು ಬರುವುದುಂಟೆ?
ಮೊದಲ ವರ್ಷ ಏಳು ಜನ ಬರುತ್ತಾರೆ, ಮರುವರ್ಷ ನಾಲ್ಕು,
ಆಮೇಲೆ ಜೆರ್ಸಿಯಲ್ಲಿ ಜೀಪು ಒರೆಸುವುದು.

ಸುಂಟಿಕೊಪ್ಪದವರು ಕಪ್ ಆಗಲೇ ಗೆದ್ದಾಗಿತ್ತು,
ನಗುನಗುತ್ತ ಆಡಿದರು. ಅದೇ ಕಷ್ಟ.
ಅರುವತ್ತೆಂಟನೇ ನಿಮಿಷ.
ಸುಮ್ಮನೆ ಒದ್ದ ಚೆಂಡು, ಮೆಲ್ಲಗೆ ಉರುಳಿ ಬಂತು.
ಮಗುವನ್ನು ಎತ್ತಿಕೊಂಡ ಹಾಗೆ ಶಂಸೀರ್ ಬಗ್ಗಿದ.
ಅವನ ಮುಂದೆ ಅದು ಒಮ್ಮೆ ಎಡವಿ
ಬಲಕ್ಕೆ ತಿರುಗಿ
ಒಳಗೆ ಹೋಯಿತು.
ಎಲ್ಲರೂ ಅವನ ಕೈ ನೋಡಿದರು.
ನಾನು ನೆಲ ನೋಡಿದೆ.
ಹದಿನಾಲ್ಕು.

ನಮ್ಮ ಆಟ ಮುಗಿಯಿತು, ಅಮ್ಮತ್ತಿಯದು ಮುಗಿದಿರಲಿಲ್ಲ.
ಅಲ್ಲಿ ಕಿಂಗ್ಸ್ ಗೆದ್ದರೆ ಇಲ್ಲಿ ನಾವು ಕೆಳಗೆ.
ಮೆಣಸು ಕೊಯ್ಯುವ ಒಂಟಿ ಏಣಿ ಹಾಕಿ
ಚುಬ್ರ ಸಿಲ್ವರ್ ಓಕಿನ ತುದಿಗೇರಿದ, ಹಲ್ಲಲ್ಲಿ ಫೋನು ಕಚ್ಚಿ.
ಎರಡು ಎರಡು, ಅಂದ.
ಮುಗೀತಾ?
ಇಲ್ಲ!
ಮುಗೀತಾ?
ಒಂದೇ ಕಡ್ಡಿ ಉಂಟು, ಸುಮ್ಮನಿರಿ!
ಕೆಳಗೆ ನೂರೈವತ್ತು ಜನ ಕತ್ತೆತ್ತಿ ನಿಂತಿದ್ದೆವು
ಮರದಿಂದ ತೀರ್ಪು ಉದುರುತ್ತದೆಂದು.

ಮುಗೀತು. ಎರಡು ಎರಡು.

ಇಬ್ಬರಿಗೂ ಹನ್ನೊಂದು ಪಾಯಿಂಟು. ಕೋಚ್ ಬಿದ್ದಪ್ಪ
ಗೊಬ್ಬರದ ರಸೀದಿಯ ಹಿಂದೆ ಕೂಡಿ ಕಳೆದು, ಮತ್ತೆ ಕೂಡಿದರು:
ಅವರದು ಮೈನಸ್ ಹತ್ತು,
ನಮ್ಮದು ಮೈನಸ್ ಒಂಬತ್ತು.

ಆ ಒಂದು ಎಲ್ಲಿಂದ ಬಂತು?
ಡಿಸೆಂಬರಿನಲ್ಲಿ, ವಿರಾಜಪೇಟೆಯಲ್ಲಿ
ಆರು ಸೊನ್ನೆಯಲ್ಲಿ ಸೋಲುತ್ತಿದ್ದೆವು. ಜೀಪು ಆಗಲೇ ಗುರುಗುಡುತ್ತಿತ್ತು.
ಹದಿನೇಳರ ಹುಡುಗ ಪ್ರಜೀಶ್, ಕೊನೇ ನಿಮಿಷ
ಮೂವರನ್ನು ದಾಟಿ ಹೊಡೆದ ಗೋಲಿಗೆ
ಒಂದು ಚಪ್ಪಾಳೆ ಬೀಳಲಿಲ್ಲ.
ಈಗ್ಯಾಕೋ ಮಾರಾಯ, ಅಂದದ್ದು ನಾನೇ.
ಬಲೆಯಿಂದ ಚೆಂಡು ತೆಗೆದು, ಕಂಕುಳಲ್ಲಿಟ್ಟು ಓಡಿ
ನಡುಗೆರೆಯ ಮೇಲೆ ಇಟ್ಟಿದ್ದ,
ಇನ್ನೂ ಐದು ಹೊಡೆಯಲಿಕ್ಕಿದೆ ಅನ್ನುವ ಹಾಗೆ.

ಇವತ್ತು ಅವನು ಕಾಲರ್ ಮೂಳೆ ಮುರಿದು ಬೆಂಚಿನಲ್ಲಿ ಕೂತಿದ್ದ,
ಒಂದೇ ಕೈಯಲ್ಲಿ ಕಿತ್ತಳೆ ಸುಲಿಯುತ್ತ.
ಎತ್ತಿ ಕುಣಿಯಲು ಓಡಿ ಬಂದವರಿಗೆಲ್ಲ
ಭುಜ ಭುಜ, ಅಂತ ಕಿರುಚಿದ.

ಕತ್ತಲಾಗುವಾಗ ಶಂಸೀರ್ ಕಂಬಕ್ಕೆ ಒರಗಿ ಕೂತೇ ಇದ್ದ.
ನನ್ನ ಕೈ ಜಾರಿತು ಕುಟ್ಟಣ್ಣ, ಅಂದ.
ಹೇಳಬೇಕೆಂದು ಬಾಯಿ ತೆರೆದೆ.
ನಿನ್ನ ಮೀನೆಲ್ಲ ಖರ್ಚಾಯಿತಾ, ಅಂತ ಕೇಳಿದೆ.

ಅವನು ಹೋದ ಮೇಲೆ
ಹುಲ್ಲು ಮುಚ್ಚಿಕೊಂಡಿದ್ದ ಆ ಹೆಜ್ಜೆಯೊಳಗೆ
ನನ್ನ ಎರಡೂ ಪಾದ ಇಟ್ಟು ನೋಡಿದೆ.
ಹಿಡಿಯಿತು. ಇನ್ನೂ ಜಾಗವಿತ್ತು.